ಸೂರಿನಂಚಿನ ಮಂಜಿನ ಒಡ್ಡು

2015ರ ಫೆಬ್ರವರಿ ತಿಂಗಳು. ಅಮೆರಿಕದ ಈಶಾನ್ಯ ಕರಾವಳಿಯ ಬಾಸ್ಟನ್ ನಗರದಲ್ಲಿ ಮನೆಗಳು ಸೋರತೊಡಗಿದವು. ಮಳೆ ಬಂದು ಸೋರಿದ್ದಲ್ಲ. ಇಡೀ ತಿಂಗಳ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 7 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಅಂಗಳದಲ್ಲಿ ಚೆಲ್ಲಿದ ನೀರು ಕಲ್ಲಾಗುವಂಥ ಚಳಿ. ಆಕಾಶ ತಿಳಿಯಾಗಿ ಬಿಸಿಲು ಬಿದ್ದ ದಿನಗಳಲ್ಲೂ ಕಿಟಕಿಯ ಮೇಲಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಗೋಡೆಯ ಬಣ್ಣ ಬೊಬ್ಬೆಯೆದ್ದು ಕಳಚುತ್ತಿತ್ತು, ಮಲಗುವ ಕೋಣೆಯ ಮೇಲ್ಛಾವಣಿಯಲ್ಲಿ ಚಹಾ ಬಣ್ಣದ ಕಲೆ ದಿನದಿಂದ ದಿನಕ್ಕೆ ಅಗಲವಾಗುತ್ತಿತ್ತು. ಹೊರಗೆ ಹೋಗಿ ನೋಡಿದರೆ ಸೂರಿನುದ್ದಕ್ಕೂ ಆಲದ ಬಿಳಲುಗಳಂತೆ ಮಂಜಿನ ಕೋಲುಗಳು. ಅವುಗಳ ಹಿಂದೆ ಮೊಣಕಾಲೆತ್ತರದ ಮಂಜುಗಡ್ಡೆಯ ಗೋಡೆ. ಅದರ ಭಾರಕ್ಕೆ ಸೂರಿನ ಕೆಳಗಿನ ಅಲ್ಯುಮಿನಿಯಂ ದಂಬೆ ಬಾಗಿ, ಮೊಳೆ ಕಿತ್ತು, ಒಂದು ಕಡೆ ಜೋತುಬಿದ್ದಿರುತ್ತಿತ್ತು.

ಆ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಬಿದ್ದ ಹಿಮ ಒಟ್ಟು 110.6 ಅಂಗುಲ. ಒಂಬತ್ತು ಅಡಿಗೂ ಮಿಗಿಲು. 1995-96ರ ಚಳಿಗಾಲದ 107.6 ಅಂಗುಲದ ದಾಖಲೆ ಅಳಿಸಿಹೋಯಿತು. ಈ ಹಿಮದಲ್ಲಿ 64.8 ಅಂಗುಲ ಫೆಬ್ರವರಿ ಒಂದರಲ್ಲೇ ಬಿದ್ದದ್ದು. ಇಷ್ಟು ಹಿಮ ಬಿದ್ದ ಮೇಲೆ ಮನೆ ಸೋರುವುದರಲ್ಲಿ ಆಶ್ಚರ್ಯವೇನು ಎನ್ನಬಹುದು. ಆದರೆ ಒಂದೇ ಬೀದಿಯಲ್ಲಿ, ಒಂದೇ ಹಿಮದ ಕೆಳಗೆ, ಒಂದು ಮನೆ ಸೋರಿತು, ಪಕ್ಕದ ಮನೆ ಸೋರಲಿಲ್ಲ. ಒಂದರ ದಂಬೆ ಮುರಿಯಿತು, ಇನ್ನೊಂದರದು ಹಾಗೇ ಉಳಿಯಿತು. ಹಿಮವೊಂದೇ ಅಪರಾಧಿಯಾಗಿದ್ದರೆ ಹೀಗಾಗಬಾರದಿತ್ತು.

ಇಲ್ಲಿ ದಂಬೆ ಎಂದದ್ದಕ್ಕೆ ಒಂದು ಮಾತು. ಇಂಗ್ಲಿಷಿನ ‘ಗಟರ್’ ನಮ್ಮಲ್ಲಿ ಬೀದಿಗಿಳಿದು ಗಟಾರವಾಗಿ ಕೆಟ್ಟ ಹೆಸರು ಪಡೆದಿದೆ. ಸೂರಿನಿಂದ ಇಳಿಯುವ ನೀರನ್ನು ಹಿಡಿದು ಒಂದು ಕಡೆಗೆ ಸಾಗಿಸುವ ಸಾಧನಕ್ಕೆ ಕರಾವಳಿಯವರ ಮಾತು ದಂಬೆ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ತಿರುಳು ತೆಗೆದು ಮಾಡಿದ್ದು. ಬೇರೆ ಕಡೆ ಇದನ್ನೇ ದೋಣಿ ಎನ್ನುವುದುಂಟು. ಮರ ಹೋಗಿ ತಗಡು ಬಂತು, ತಗಡು ಹೋಗಿ ಪ್ಲಾಸ್ಟಿಕ್ ಬಂತು, ಕೆಲಸ ಅದೇ.

ದಂಬೆ ಹುಟ್ಟಿದ್ದು ಮಳೆಗಾಗಿ. ಪ್ರಾಚೀನ ಗ್ರೀಕರ ದೇವಾಲಯಗಳ ಸೂರಿನಲ್ಲಿ ಸುಟ್ಟ ಮಣ್ಣಿನ ಇಲ್ಲವೇ ಅಮೃತಶಿಲೆಯ ಕಾಲುವೆಯಿದ್ದು, ಮಳೆನೀರು ಸಿಂಹದ ಬಾಯಿಂದ ಹೊರಗೆ ಚಿಮ್ಮುತ್ತಿತ್ತು. ಅಭಿಷೇಕದ ನೀರಿಗೆ ಮಕರದ ಬಾಯಿ ಕೆತ್ತಿದ ನಮ್ಮ ಶಿಲ್ಪಿಗಳಿಗೂ ಅವರಿಗೂ ಇದ್ದ ಆಲೋಚನೆ ಒಂದೇ ಇರಬೇಕು. ಯುರೋಪಿನ ಚರ್ಚುಗಳಲ್ಲಿ ಅದು ವಿಕಾರ ಮುಖದ ಗಾರ್ಗಾಯ್ಲ್ ಆಯಿತು. ಹೀಗೆ ದೂರಕ್ಕೆ ಉಗುಳುವ ಬದಲು ನೀರನ್ನು ಕೊಳವೆಯಲ್ಲಿ ನೆಲಕ್ಕೆ ಇಳಿಸಬೇಕೆಂದು 1240ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿ ಆಜ್ಞೆ ಮಾಡಿದ. ಲಂಡನ್ ಕೋಟೆಯ ನಡುಗೋಪುರಕ್ಕೆ ಆತ ಸುಣ್ಣ ಬಳಿಸಿದ್ದ. ಹೊಸ ಸುಣ್ಣದ ಮೇಲೆ ಮಳೆನೀರು ಹರಿದು ಕಲೆಯಾಗಬಾರದೆಂದು ಸೀಸದ ಕೊಳವೆಗಳನ್ನು ನೆಲದವರೆಗೂ ಇಳಿಸಲು ಹೇಳಿದ. ಆ ಗೋಪುರಕ್ಕೆ ಇಂದಿಗೂ ‘ಬಿಳಿ ಗೋಪುರ’ ಎಂದೇ ಹೆಸರು.

ಇವೆಲ್ಲ ಮಳೆಯ ಕಥೆಗಳು. ಹಿಮವೇ ಬದುಕಾಗಿದ್ದ ಊರುಗಳಲ್ಲಿ ಮನೆ ಕಟ್ಟಿದವರು ದಂಬೆಯ ಗೊಡವೆಗೆ ಅಷ್ಟಾಗಿ ಹೋಗಲೇ ಇಲ್ಲ. ಜಪಾನಿನ ಶಿರಾಕಾವಾ-ಗೋ ಹಳ್ಳಿಯ ಹುಲ್ಲುಮಾಡಿನ ಮನೆಗಳನ್ನು ಚಿತ್ರಗಳಲ್ಲಿ ನೋಡಿದವರಿಗೆ ಅವುಗಳ ಆಕಾರ ನೆನಪಿದ್ದೀತು. ಕೈಮುಗಿದಂತೆ ಕಾಣುವ, ಸುಮಾರು 60 ಡಿಗ್ರಿ ಇಳಿಜಾರಿನ ಮಾಡು. ಆ ಶೈಲಿಯ ಹೆಸರಿನ ಅರ್ಥವೂ ‘ಕೈಮುಗಿದದ್ದು’ ಎಂದೇ. ಹಿಮ ಅದರ ಮೇಲೆ ಬಹಳ ಹೊತ್ತು ನಿಲ್ಲದು. ಆ ಎತ್ತರದ ಮಾಡಿನೊಳಗಿನ ಅಟ್ಟಗಳಲ್ಲಿ ರೇಷ್ಮೆಹುಳು ಸಾಕುತ್ತಿದ್ದರು. 1995ರಲ್ಲಿ ಈ ಹಳ್ಳಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಾರ್ವೆಯವರು ಇದಕ್ಕೆ ವಿರುದ್ಧ ದಾರಿ ಹಿಡಿದರು. ಹಿಮ ಜಾರುವುದೇ ಬೇಡ, ಮೇಲೆಯೇ ಇರಲಿ ಎಂದರು. ಹಲಗೆಯ ಮೇಲೆ ಬರ್ಚ್ ಮರದ ತೊಗಟೆಯ ಪದರಗಳು, ಅದರ ಮೇಲೆ ಹುಲ್ಲು ಬೆಳೆದ ಮಣ್ಣಿನ ಹೆಂಟೆ. ನೀರು ತಡೆಯಲು ತೊಗಟೆ, ಚಳಿ ತಡೆಯಲು ಮಣ್ಣು. ಚಳಿಗಾಲದಲ್ಲಿ ಅದರ ಮೇಲೊಂದು ಹಿಮದ ಕಂಬಳಿ. ಕಾಶ್ಮೀರದ ಹಳೆಯ ಮನೆಗಳ ಮಾಡೂ ಹೀಗೇ ಇತ್ತು. ಬರ್ಚ್ ತೊಗಟೆ, ಅದರ ಮೇಲೆ ಮಣ್ಣು, ವಸಂತದಲ್ಲಿ ಮಾಡಿನ ಮೇಲೆಯೇ ಹೂವು. ಈ ಬರ್ಚ್ ಬೇರೇನಲ್ಲ, ನಮ್ಮ ಹಿರಿಯರ ಭೂರ್ಜ. ಕಾಶ್ಮೀರದ ಪಂಡಿತರು ಗ್ರಂಥ ಬರೆದದ್ದು ಅದರ ತೊಗಟೆಯ ಮೇಲೆ. ಮನೆಯವರು ಹೊದಿಸಿದ್ದೂ ಅದನ್ನೇ.

1620ರ ದಶಕದಿಂದ ಇಂಗ್ಲೆಂಡಿನ ಜನ ಈಗಿನ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿಗೆ ಬಂದು ನೆಲೆಸಿದಾಗ ಕಟ್ಟಿಕೊಂಡ ಮನೆಗಳಿಗೂ ಸಾಮಾನ್ಯವಾಗಿ ದಂಬೆ ಇರಲಿಲ್ಲ. ಬಾಸ್ಟನ್ ಬಳಿಯ ಡೆಡಮ್ ಊರಿನಲ್ಲಿ 1640ರ ಆಸುಪಾಸಿನ ಒಂದು ಮರದ ಮನೆ ಇನ್ನೂ ನಿಂತಿದೆ. ಕಡಿದಾದ ಮಾಡು, ನಡುವೆ ದಪ್ಪನೆಯ ಇಟ್ಟಿಗೆಯ ಹೊಗೆಗೂಡು. ಆ ಕಾಲದ ಮನೆಗಳಲ್ಲಿ ಬೆಂಕಿ ಉರಿಯುತ್ತಿದ್ದುದು ತೆರೆದ ಒಲೆಯಲ್ಲಿ. ಬಿಸಿಯ ಬಹುಪಾಲು ಹೊಗೆಗೂಡಿನಲ್ಲೇ ಮೇಲೇರಿ ಹೋಗುತ್ತಿತ್ತು. ಒಲೆಯ ಮುಂದೆ ಕುಳಿತವರ ಮುಖ ಬೆಂದರೆ ಬೆನ್ನು ನಡುಗುತ್ತಿತ್ತು. ಅಟ್ಟದಲ್ಲಿಟ್ಟ ನೀರು ಹೆಪ್ಪುಗಟ್ಟುತ್ತಿತ್ತು. ಮನೆಯವರಿಗೆ ಅದು ಕಷ್ಟವೇ. ಆದರೆ ಒಳಗೂ ಹೊರಗೂ ಒಂದೇ ಚಳಿಯಿದ್ದ ಆ ಮಾಡಿನ ಮೇಲೆ ಹಿಮ ತನ್ನ ಪಾಡಿಗೆ ತಾನಿರುತ್ತಿತ್ತು.

ಬಿಸಿಯ ಮಾತೇ ಈ ಒಗಟಿನ ಕೀಲಿ. ಮನೆ ಬೆಚ್ಚಗಿದ್ದರೆ ಬಿಸಿ ಗಾಳಿ ಮೇಲೇರುತ್ತದೆ. ಅಟ್ಟದ ಬಾಗಿಲ ಸಂದಿ, ಹೊಗೆಗೂಡಿನ ಸುತ್ತಲಿನ ಬಿರುಕು, ದೀಪದ ತಂತಿ ಹಾಯಿಸಲು ಕೊರೆದ ತೂತು, ಯಾವುದು ಸಿಕ್ಕಿದರೂ ನುಸುಳಿ ಅಟ್ಟ ಸೇರುತ್ತದೆ. ಮಾಡಿನ ಹಲಗೆ ಒಳಗಿನಿಂದ ಕಾಯುತ್ತದೆ. ಮೇಲೆ ಕುಳಿತ ಹಿಮ ತಾನೇ ಒಂದು ಕಂಬಳಿಯಾದ್ದರಿಂದ ಹೊರಗಿನ ಚಳಿ ಹಲಗೆಗೆ ತಾಗುವುದಿಲ್ಲ. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರೂ ಹಿಮದ ತಳಪದರ ಕರಗಿ ನೀರಾಗಿ, ಕಣ್ಣಿಗೆ ಕಾಣದಂತೆ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ.

ಹರಿದು ಬಂದ ನೀರು ಸೂರು ತಲಪುತ್ತದೆ. ಸೂರು ಗೋಡೆಯಿಂದಾಚೆ ಚಾಚಿಕೊಂಡ ಭಾಗ. ಅದರ ಕೆಳಗೆ ಕೋಣೆಯಿಲ್ಲ, ಬಿಸಿಯಿಲ್ಲ. ಮೇಲೂ ಚಳಿ, ಕೆಳಗೂ ಚಳಿ. ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ಮೊದಲು ದಂಬೆ ತುಂಬಿ ಕಲ್ಲಾಗುತ್ತದೆ, ಆಮೇಲೆ ಅದರ ಹಿಂದೆ ಪದರದ ಮೇಲೆ ಪದರ ಬೆಳೆದು ಒಂದು ಒಡ್ಡು ಏಳುತ್ತದೆ. ಮೇಲಿನಿಂದ ನೀರು ಬರುತ್ತಲೇ ಇದೆ, ಹೋಗಲು ದಾರಿಯಿಲ್ಲ. ಹಳ್ಳಕ್ಕೆ ಕಟ್ಟ ಹಾಕಿದಂತೆ ಒಡ್ಡಿನ ಹಿಂದೆ ನೀರು ನಿಲ್ಲುತ್ತದೆ. ಅಮೆರಿಕದವರು ಇದನ್ನು ‘ಐಸ್ ಡ್ಯಾಮ್’ ಎಂದು ಕರೆದದ್ದು ಸುಮ್ಮನೆ ಅಲ್ಲ.

ನೀರು ನಿಂತರೇನು, ಮಾಡಿಗೆ ಹೊದಿಕೆ ಇದೆಯಲ್ಲ? ಮಲೆನಾಡಿನವರಿಗೆ ಉತ್ತರ ಗೊತ್ತು. ಹೆಂಚು ನೀರನ್ನು ತಡೆದು ನಿಲ್ಲಿಸುವ ವಸ್ತುವಲ್ಲ, ಜಾರಿಸಿ ಕಳಿಸುವ ವಸ್ತು. ಮೇಲಿನ ಹೆಂಚು ಕೆಳಗಿನದರ ಮೇಲೆ ಒಂದಿಷ್ಟು ಚಾಚಿರುವುದರಿಂದ ಇಳಿಯುವ ನೀರು ಒಳಗೆ ಬರುವುದಿಲ್ಲ. ಅದೇ ನೀರು ಕೆಳಗಿನಿಂದ ಮೇಲಕ್ಕೆ ಏರಿದರೆ ಹೆಂಚಿನ ಸಂದಿಗೆ ತಡೆಯಿಲ್ಲ. ಜೂನ್ ಬರುವ ಮುಂಚೆ ಹೆಂಚು ಕೈಯಾಡಿಸಿ, ದಂಬೆಯ ಕಸ ಬಳಿದು ಹಾಕುವುದೇಕೆ? ಎಲೆ ಕಟ್ಟಿಕೊಂಡ ದಂಬೆಯಿಂದ ನೀರು ಹಿಂದಕ್ಕೆ ಒತ್ತಿ ಗೋಡೆಗಿಳಿಯುತ್ತದೆ ಎಂದೇ. ಬಾಸ್ಟನ್ನಿನ ಮಾಡುಗಳಿಗೆ ಹೊದಿಸಿದ ಮರದ ಬಿಲ್ಲೆಗಳೂ, ಈಗಿನ ಡಾಂಬರಿನ ಬಿಲ್ಲೆಗಳೂ ಹೆಂಚಿನ ತತ್ತ್ವದ ಮೇಲೆಯೇ ಕೆಲಸ ಮಾಡುತ್ತವೆ. ವ್ಯತ್ಯಾಸವೆಂದರೆ ಎಲೆಯನ್ನು ಕೈಯಿಂದ ಬಾಚಿ ತೆಗೆಯಬಹುದು, ಮಂಜುಗಡ್ಡೆಯನ್ನು ಆಗದು.

ಈ ಕಥೆಯಲ್ಲಿ ಒಂದು ವಿಚಿತ್ರ ತಿರುವಿದೆ, ಅದಕ್ಕೆ ನಮ್ಮ ದೇಶದ ನಂಟೂ ಇದೆ. ಬಿಸಿಯನ್ನು ಮಂಜಿನಿಂದ ದೂರವಿಡುವ ವಿದ್ಯೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಬಾಸ್ಟನ್ನಿಗರು ಜಗತ್ತಿಗೇ ಗುರುಗಳಾಗಿದ್ದರು. ಫ್ರೆಡರಿಕ್ ಟ್ಯೂಡರ್ ಎಂಬ ಅಲ್ಲಿನ ವ್ಯಾಪಾರಿ 1806ರಿಂದ ಕೆರೆಗಳ ಮಂಜುಗಡ್ಡೆಯನ್ನು ಕೊಯ್ದು ಹಡಗಿನಲ್ಲಿ ಬಿಸಿ ದೇಶಗಳಿಗೆ ಸಾಗಿಸಿ ಮಾರಲು ಹೊರಟ. ಜನ ನಕ್ಕರು, ಸಾಲಗಾರರು ಜೈಲಿಗೂ ಕಳಿಸಿದರು. 1833ರ ಮೇ ತಿಂಗಳಲ್ಲಿ ‘ಟಸ್ಕನಿ’ ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ಬಾಸ್ಟನ್ ಬಿಟ್ಟಿತು. ನಾಲ್ಕು ತಿಂಗಳ ಯಾನದಲ್ಲಿ ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಅದು ಕಲ್ಕತ್ತ ಸೇರಿದಾಗ ಸುಮಾರು 100 ಟನ್ ಇನ್ನೂ ಉಳಿದಿತ್ತು. ಮುಂದೆ ಮದರಾಸಿಗೂ ಮುಂಬಯಿಗೂ ಈ ಮಂಜು ಬಂತು. ಮದರಾಸಿನ ಕಡಲ ದಂಡೆಯಲ್ಲಿ 1842ರಲ್ಲಿ ಕಟ್ಟಿದ ‘ಐಸ್ ಹೌಸ್’ ಇಂದು ವಿವೇಕಾನಂದರ್ ಇಲ್ಲಂ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಮನೆ. ವಾಲ್ಡನ್ ಕೊಳದ ದಂಡೆಯಲ್ಲಿ ಗುಡಿಸಲು ಹಾಕಿಕೊಂಡಿದ್ದ ಥೋರೋ, ತನ್ನ ಕೊಳದ ಮಂಜನ್ನು ಕೊಯ್ದು ಒಯ್ಯುವವರನ್ನು 1846-47ರ ಚಳಿಗಾಲದಲ್ಲಿ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ಇಷ್ಟು ದೂರ ಮಂಜು ಉಳಿದದ್ದು ಹೇಗೆ? ಗರಗಸದ ಹೊಟ್ಟಿನಿಂದ. ಮರದ ಕಾರ್ಖಾನೆಗಳಲ್ಲಿ ಬಿಟ್ಟಿ ಬಿದ್ದಿರುತ್ತಿದ್ದ ಹೊಟ್ಟನ್ನು ಗಡ್ಡೆಗಳ ಸುತ್ತ ತುಂಬುತ್ತಿದ್ದರು. ಮಂಜಿನ ಮನೆಗಳ ಇಮ್ಮಡಿ ಗೋಡೆಗಳ ನಡುವೆಯೂ ಅದನ್ನೇ. ಹೊಟ್ಟಿನ ಸಂದಿಯಲ್ಲಿ ಸಿಕ್ಕಿ ನಿಂತ ಗಾಳಿ ಬಿಸಿಯನ್ನು ಒಳಗೆ ಬಿಡುವುದಿಲ್ಲ. ಕಲ್ಕತ್ತದ ಬಿಸಿಲಿನಿಂದ ಮಂಜನ್ನು ಕಾಯುವ ವಿದ್ಯೆ ಕೈಯಲ್ಲಿದ್ದ ಅದೇ ಊರಿನ ಜನ, ತಮ್ಮ ಮನೆಯ ಬಿಸಿಯಿಂದ ಸ್ವಂತ ಮಾಡಿನ ಹಿಮವನ್ನು ಕಾಯಬೇಕೆಂದು ಯೋಚಿಸಲಿಲ್ಲ. ಬಹುಪಾಲು ಮನೆಗಳ ಅಟ್ಟ ಬರಿದಾಗಿಯೇ ಇತ್ತು.

ಅದೇ ಕಾಲದಲ್ಲಿ ಮನೆಗಳು ಬೆಚ್ಚಗಾಗತೊಡಗಿದವು. ತೆರೆದ ಒಲೆಯ ಜಾಗಕ್ಕೆ ಎರಕದ ಕಬ್ಬಿಣದ ಮುಚ್ಚಿದ ಒಲೆ ಬಂತು. ಬಿಸಿ ಹೊಗೆಗೂಡಿಗೆ ಹೋಗದೆ ಕೋಣೆಯಲ್ಲೇ ಉಳಿಯಿತು. ಆಮೇಲೆ ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ಕುಲುಮೆ ಬಂದು ಕೊಳವೆಗಳ ಮೂಲಕ ಮನೆಯಿಡೀ ಕಾಯಿಸಿತು. ಅಟ್ಟವನ್ನು ಮಲಗುವ ಕೋಣೆ ಮಾಡಿಕೊಂಡರು. ಮಾಡಿನ ಹಲಗೆಗೂ ಬೆಚ್ಚನೆಯ ಕೋಣೆಗೂ ನಡುವೆ ಒಂದು ತೆಳು ಗಾರೆಯ ಪದರವಷ್ಟೇ ಉಳಿಯಿತು.

ದಂಬೆಯೂ ಇದೇ ಹೊತ್ತಿಗೆ ಬಡವರ ಮನೆಯವರೆಗೂ ಬಂತು. ಬಾಸ್ಟನ್ ಸುತ್ತ ಅದು ಮರದ್ದೇ: ಉದ್ದನೆಯ ತೊಲೆಯನ್ನು ಒಳಗೆ ಕಡೆದು, ಹೊರಮೈಗೆ ಅಂದದ ಅಂಚು ಕೆತ್ತಿ, ಅಗಸೆ ಎಣ್ಣೆ ಕುಡಿಸಿ ಕೂಡಿಸಿದ್ದು. ನಮ್ಮ ಅಡಿಕೆ ದಂಬೆಯ ದೂರದ ಅಣ್ಣ ಎನ್ನಬಹುದು. ವರ್ಷಕ್ಕೊಮ್ಮೆ ಎಣ್ಣೆ ಹಾಕಿದರೆ ಹಲವು ದಶಕ ಬಾಳುವಂಥದು. ಸಿರಿವಂತರಿಗೆ ಇದು ರುಚಿಸಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಶೋಕಿಗೆ ದಂಬೆ ಕಣ್ಣಿಗೆ ಬೀಳಬಾರದಿತ್ತು. ಹೀಗಾಗಿ ಸೂರಿನ ಅಲಂಕಾರದ ಪೆಟ್ಟಿಗೆಯೊಳಗೇ ಅದನ್ನು ಅಡಗಿಸಿ, ತವರದ ಅಥವಾ ತಾಮ್ರದ ತಗಡು ಹೊದಿಸಿದರು. ನೋಡಲು ಸೊಗಸು. ಆದರೆ ಹೊರಗೆ ತೂಗುಬಿದ್ದ ದಂಬೆ ಒಡೆದರೆ ನೀರು ಅಂಗಳಕ್ಕೆ ಬೀಳುತ್ತದೆ, ಒಳಗೆ ಅಡಗಿಸಿದ್ದು ಒಡೆದರೆ ನೀರು ಮನೆಯ ಎಲುಬಿಗೇ ಇಳಿಯುತ್ತದೆ. ಮಂಜು ಹಿಗ್ಗಿ ತಗಡಿನ ಬೆಸುಗೆ ಬಿಟ್ಟ ಕಡೆಯೆಲ್ಲ ಒಳಗಿನ ತೊಲೆ ಸದ್ದಿಲ್ಲದೆ ಕೊಳೆಯಿತು. ಆ ಕಾಲದ ಚಂದದ ಮನೆಗಳನ್ನು ಇಂದು ದುರಸ್ತಿ ಮಾಡುವವರು ಮೊದಲು ಬೆರಳಿಟ್ಟು ಒತ್ತಿ ನೋಡುವುದು ಈ ಪೆಟ್ಟಿಗೆಯನ್ನೇ.

ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಕೇಳಲು ಅಲ್ಪ, ಆದರೆ ಹಿಗ್ಗಲು ಜಾಗವಿಲ್ಲದ ಕಡೆ ಈ ಒಂಬತ್ತು ಭಾಗ ಕಬ್ಬಿಣವನ್ನೂ ಸೀಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎರಕದ ಕಬ್ಬಿಣದ ದಂಬೆ, ಇಳಿಕೊಳವೆಗಳು ಬಂದಾಗ ಈ ಪಾಠ ಬಹಳ ದುಬಾರಿಯಾಯಿತು. ಎರಕದ ಕಬ್ಬಿಣ ಗಟ್ಟಿ, ಆದರೆ ಬಾಗದು, ಬಿರಿಯುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಚುರುಕಾದದ್ದು. ತೆಳು ತಗಡಿನ ಇಳಿಕೊಳವೆಗೆ ಉದ್ದುದ್ದ ನಿರಿಗೆ ಹಾಕಿದರು. ಒಳಗಿನ ನೀರು ಮಂಜಾಗಿ ಹಿಗ್ಗಿದಾಗ ಸೀರೆಯ ನಿರಿಗೆಯಂತೆ ತಗಡು ಬಿಚ್ಚಿಕೊಳ್ಳುತ್ತದೆ, ಸೀಳುವುದಿಲ್ಲ. ಆ ನಿರಿಗೆ ಅಂದಕ್ಕಾಗಿ ಎಂದೇ ಇಂದಿಗೂ ಅನೇಕರು ತಿಳಿದಿದ್ದಾರೆ.

ಹಿಗ್ಗುವುದು ಒಂದು ಕಷ್ಟವಾದರೆ ಭಾರ ಇನ್ನೊಂದು. ಹನ್ನೆರಡು ಸೆಂಟಿಮೀಟರ್ ಅಗಲ, ಎಂಟು ಸೆಂಟಿಮೀಟರ್ ಆಳದ ದಂಬೆ ಹತ್ತು ಮೀಟರ್ ಉದ್ದಕ್ಕೆ ತುಂಬಿ ಹೆಪ್ಪುಗಟ್ಟಿದರೆ ಸುಮಾರು 88 ಕಿಲೋ ಆಯಿತು. ಅದರ ಮೇಲೆ ಒಡ್ಡು, ಕೆಳಗೆ ಬಿಳಲು. ಉದ್ದ ಮೊಳೆ ಹೊಡೆದು ಕೂಡಿಸಿದ ದಂಬೆ ನಾಲ್ಕಾರು ಚಳಿಗಾಲಗಳಲ್ಲಿ ಮೊಳೆ ಸಡಿಲಿ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಹಿಮದ ನಾಡಿನ ಕಸಬುದಾರರು ಮೊಳೆಯ ಬದಲು ತಿರುಪು ಹಾಕಿ, ಹಿಡಿಕೆಗಳನ್ನು ಹತ್ತಿರ ಹತ್ತಿರ ಕೊಡುತ್ತಾರೆ. ಅವರ ಇನ್ನೊಂದು ಹಳೆಯ ನಿಯಮ ಮತ್ತೂ ಮುಖ್ಯ: ಮಾಡಿನ ಇಳಿಜಾರಿನ ಗೆರೆಯನ್ನು ಗಾಳಿಯಲ್ಲಿ ಮುಂದುವರಿಸಿದರೆ ದಂಬೆಯ ಹೊರ ತುಟಿ ಆ ಗೆರೆಗಿಂತ ಕೆಳಗಿರಬೇಕು. ಆಗ ಮೇಲಿನಿಂದ ಜಾರಿ ಬರುವ ಹಿಮದ ಹೆಬ್ಬಂಡೆ ದಂಬೆಗೆ ಬಡಿಯದೆ ಅದರ ಮೇಲಿಂದ ಹಾರಿ ಬೀಳುತ್ತದೆ. ತುಟಿ ಒಂದಂಗುಲ ಮೇಲಿದ್ದರೂ ಇಡೀ ದಂಬೆಯನ್ನು ಅದು ಕಿತ್ತು ಒಯ್ಯುತ್ತದೆ.

ಹಾರಿ ಬೀಳುವ ಹಿಮ ದಾರಿಹೋಕರ ತಲೆಯ ಮೇಲೆ ಬೀಳಬಾರದಲ್ಲ. ಅದಕ್ಕಾಗಿ ಮಾಡಿನ ಮೇಲೆಯೇ ಅದನ್ನು ಹಿಡಿದು ನಿಲ್ಲಿಸುವ ಪದ್ಧತಿ ಆಲ್ಪ್ಸ್ ಪರ್ವತದ ಹಳ್ಳಿಗಳಲ್ಲಿ ಬೆಳೆಯಿತು. ಸೂರಿಗಿಂತ ಸ್ವಲ್ಪ ಮೇಲೆ ಅಡ್ಡಲಾಗಿ ಮರದ ದಿಮ್ಮಿ ಇಡುವುದು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಇದೇ ಕೆಲಸಕ್ಕೆ ಎರಕದ ಕಬ್ಬಿಣದ ಪುಟ್ಟ ಹದ್ದುಗಳನ್ನು ಸಾಲಾಗಿ ಕೂರಿಸಿದರು. ದೂರದಿಂದ ನೋಡಿದವರಿಗೆ ಮಾಡಿನ ಮೇಲೆ ಹಕ್ಕಿಗಳ ಹಿಂಡು ಇಳಿದಂತೆ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಒಡ್ಡು ಏಳುವುದು ತಪ್ಪಲಿಲ್ಲ. ಎದ್ದ ಮೇಲೆ ಮನೆಯವರು ಮಾಡುವ ಮೊದಲ ಕೆಲಸ ಏಣಿ ಹಾಕಿ ಕೊಡಲಿ ಹಿಡಿಯುವುದು. ಮಂಜಿನ ಜೊತೆ ಮಾಡಿನ ಹೊದಿಕೆಯೂ ಒಡೆಯುತ್ತದೆ, ಕೆಲವೊಮ್ಮೆ ಕಾಲೂ. ಉಪ್ಪು ಎರಚುವವರಿದ್ದಾರೆ, ಅಡುಗೆ ಉಪ್ಪಿನ ಬಳಗದ ಕಲ್ಲುಪ್ಪು ತಗಡನ್ನು ತಿನ್ನುತ್ತದೆ, ಕೆಳಗಿನ ಗಿಡವನ್ನು ಸುಡುತ್ತದೆ. ಅದಕ್ಕಿಂತ ವಾಸಿ ಎಂದು ಹೆಂಗಸರ ಹಳೆಯ ಉದ್ದ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಒಡ್ಡಿನ ಮೇಲೆ ಅಡ್ಡ ಇಡುತ್ತಾರೆ. ಚೀಲದ ಕೆಳಗೆ ಮಂಜು ಕರಗಿ ನೀರು ಹರಿಯಲು ಒಂದು ಕಾಲುವೆ ಬೀಳುತ್ತದೆ. 2015ರ ಚಳಿಗಾಲದಲ್ಲಿ ಬಾಸ್ಟನ್ನಿನ ಸೂರುಗಳ ಮೇಲೆ ಇಂಥ ಚೀಲಗಳು ಹಾವುಗಳಂತೆ ಮಲಗಿದ್ದವು. ಬಿಸಿಯಾವಿ ಹಾಯಿಸಿ ಮಂಜು ಕೊಯ್ಯುವ ಕೆಲಸಗಾರರಿಗೆ ಬಿಡುವೇ ಇರಲಿಲ್ಲ.

ಸೂರಿನ ಮೇಲೆ ಅಂಕುಡೊಂಕಾಗಿ ವಿದ್ಯುತ್ ತಂತಿ ಹಾಸಿ ಕಾಯಿಸುವುದು ಇನ್ನೊಂದು ದಾರಿ. ಒಂದು ಗ್ರಾಂ ಮಂಜುಗಡ್ಡೆ ಕರಗಲು 80 ಕ್ಯಾಲೊರಿ ಬೇಕೆಂದು ಶಾಲೆಯಲ್ಲಿ ಉರು ಹೊಡೆದವರು ಲೆಕ್ಕ ಹಾಕಬಹುದು. ಮೇಲೆ ಹೇಳಿದ 88 ಕಿಲೋ ಮಂಜನ್ನು ಒಂದು ಸಲ ಕರಗಿಸಲು, ಎಳ್ಳಷ್ಟೂ ನಷ್ಟವಾಗದಿದ್ದರೂ, ಸುಮಾರು 8 ಯೂನಿಟ್ ವಿದ್ಯುತ್ ಬೇಕು. ನಿಜವಾಗಿ ತಂತಿಯ ಬಿಸಿಯ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ. ಮನೆಯಿಂದ ಸೋರಿದ ಬಿಸಿಯಿಂದಾದ ತೊಂದರೆಗೆ ಮತ್ತಷ್ಟು ಬಿಸಿಯನ್ನು ದುಡ್ಡು ಕೊಟ್ಟು ತಂದು ಹೊರಗೆ ಸುರಿಯುವ ಮದ್ದು ಇದು. ಕೆಲವು ಅಡ್ಡಾದಿಡ್ಡಿ ಮಾಡುಗಳಿಗೆ ಬೇರೆ ದಾರಿಯಿಲ್ಲ ಎಂಬುದನ್ನೂ ಒಪ್ಪಬೇಕು.

ಸೂರನ್ನು ಬಿಟ್ಟು ಅಟ್ಟವನ್ನು ನೋಡಬೇಕೆಂಬುದನ್ನು ಅಂಕಿಅಂಶದಲ್ಲಿ ತೋರಿಸಿದವರು ಅಮೆರಿಕದ ಸೇನೆಯ ಎಂಜಿನಿಯರುಗಳು. ನ್ಯೂಯಾರ್ಕ್ ರಾಜ್ಯದ ಉತ್ತರ ತುದಿಯಲ್ಲಿ, ಒಂಟಾರಿಯೋ ಸರೋವರದ ಹಿಮಗಾಳಿಗೆ ಎದುರಾಗಿ, ಫೋರ್ಟ್ ಡ್ರಮ್ ಎಂಬ ಸೇನಾ ನೆಲೆಯಿದೆ. ಅಲ್ಲಿನ ಕಟ್ಟಡಗಳ ಸೂರುಗಳಲ್ಲಿ ಮಂಜು ಕಟ್ಟಿ ಕಟ್ಟಿ ಸಾಕಾದಾಗ, ಸೇನೆಯ ಶೀತವಲಯ ಸಂಶೋಧನಾಲಯದ ವೇಯ್ನ್ ಟೋಬಿಯಾಸನ್ ಮತ್ತು ಸಂಗಡಿಗರು ಅಟ್ಟಗಳಲ್ಲಿ ಉಷ್ಣಮಾಪಕಗಳನ್ನಿಟ್ಟು ಕುಳಿತರು. 1990ರ ದಶಕದಲ್ಲಿ ಪ್ರಕಟವಾದ ಅವರ ಫಲಿತಾಂಶ ಸರಳವಾಗಿತ್ತು. ಹೊರಗಿನ ಉಷ್ಣತೆ 22 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿದ್ದು, ಅಟ್ಟದ ಉಷ್ಣತೆ 30 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಸೂರಿನಲ್ಲಿ ಮಂಜು ಕಟ್ಟುತ್ತದೆ. ಹೊರಗೆ ಅಷ್ಟು ಚಳಿಯಿಲ್ಲದಿದ್ದರೆ ಕರಗಿದ ನೀರು ಹೆಚ್ಚಾಗಿ ಹೆಪ್ಪುಗಟ್ಟದೆ ಹರಿದುಹೋಗುತ್ತದೆ. ಅಟ್ಟವೂ ತಣ್ಣಗಿದ್ದರೆ ನೀರೇ ಹುಟ್ಟುವುದಿಲ್ಲ. ಅಟ್ಟದೊಳಗೆ ಹೊರಗಿನ ತಣ್ಣನೆಯ ಗಾಳಿ ಚೆನ್ನಾಗಿ ಆಡುವಂತೆ ಮಾಡಿದ ಕಟ್ಟಡಗಳಲ್ಲಿ ತೊಂದರೆ ಇಳಿಯಿತು.

ಅಟ್ಟಕ್ಕೆ ಗಾಳಿ ಬೇಕೆಂಬ ಮಾತು ಅದಕ್ಕೂ ಹಳೆಯದು. ಅಟ್ಟದ ನೆಲದ ಪ್ರತಿ 300 ಚದರ ಅಡಿಗೆ ಒಂದು ಚದರ ಅಡಿ ಗಾಳಿಕಿಂಡಿ ಇರಬೇಕೆಂದು ಅಮೆರಿಕ ಸರ್ಕಾರದ ವಸತಿ ಇಲಾಖೆ 1942ರಲ್ಲೇ ನಿಯಮ ಮಾಡಿತ್ತು. ಆ 300ರ ಲೆಕ್ಕದ ಬೇರು ಹುಡುಕಿಕೊಂಡು ಹೋದ ಇಲಿನಾಯ್ ವಿಶ್ವವಿದ್ಯಾಲಯದ ವಿಲಿಯಂ ರೋಸ್‌ಗೆ ಗಟ್ಟಿ ಆಧಾರ ಸಿಗಲಿಲ್ಲ. ಸಾಲದ್ದಕ್ಕೆ ಅದನ್ನು ಮಾಡಿದ್ದು ಅಟ್ಟದ ತೇವಕ್ಕಾಗಿ, ಸೂರಿನ ಮಂಜಿಗಾಗಿ ಅಲ್ಲ. ಸರ್ಕಾರಿ ಅಂಕಿಗಳ ಆಯುಷ್ಯ ಎಲ್ಲ ದೇಶದಲ್ಲೂ ಗಟ್ಟಿ.

ಟ್ಯೂಡರನ ಹೊಟ್ಟು ಬಾಸ್ಟನ್ನಿನ ಅಟ್ಟಗಳಿಗೆ ಕೊನೆಗೂ ಬಂತು, ಬೇರೆ ವೇಷದಲ್ಲಿ. 1930ರ ದಶಕದ ಕೊನೆಯಲ್ಲಿ ಗಾಜಿನ ಎಳೆಗಳ ಹತ್ತಿ ಮಾರುಕಟ್ಟೆಗೆ ಬಂದಿತ್ತಾದರೂ ಎಣ್ಣೆ ಅಗ್ಗವಾಗಿದ್ದಷ್ಟು ಕಾಲ ಅದನ್ನು ದಪ್ಪಗೆ ಹಾಸುವ ಆತುರ ಯಾರಿಗೂ ಇರಲಿಲ್ಲ. 1973ರ ಎಣ್ಣೆ ಬಿಕ್ಕಟ್ಟು ಆತುರ ತಂದಿತು. ಅಟ್ಟದ ನೆಲಕ್ಕೆ ಅಂಗುಲಗಟ್ಟಲೆ ಹತ್ತಿ ಹಾಸಿದ ಮನೆಗಳಲ್ಲಿ ಉರುವಲಿನ ಖರ್ಚು ಇಳಿಯಿತು, ಜೊತೆಗೆ ಕೇಳದೆಯೇ ಸೂರಿನ ಬಿಳಲುಗಳೂ ಕಡಿಮೆಯಾದವು. ಆದರೆ ಹತ್ತಿ ಹಾಸಿ ಸಂದಿಗಳನ್ನು ಮುಚ್ಚದವರಿಗೆ ಪೂರ್ತಿ ಫಲ ಸಿಗಲಿಲ್ಲ. ಬಿಸಿ ಗಾಳಿ ಹತ್ತಿಯ ನಡುವೆಯೇ ದಾರಿ ಮಾಡಿಕೊಳ್ಳುತ್ತದೆ. ಇವಲ್ಲದೆ ಸೂರಿನ ಭಾಗದಲ್ಲಿ ಬಿಲ್ಲೆಗಳ ಕೆಳಗೆ ಅಂಟಿಸುವ ರಬ್ಬರಿನಂಥ ಹಾಳೆಯೂ ಈಗ ಇದೆ. ಗೋಡೆಯ ಗೆರೆಯಿಂದ ಒಳಗೆ ಕನಿಷ್ಠ ಎರಡು ಅಡಿಯವರೆಗೆ ಅದನ್ನು ಅಂಟಿಸಬೇಕೆಂದು ಅಲ್ಲಿನ ಚಳಿನಾಡಿನ ಕಟ್ಟಡ ನಿಯಮಗಳು ಹೇಳುತ್ತವೆ. ಅದು ಒಡ್ಡನ್ನು ತಡೆಯುವುದಿಲ್ಲ, ಒಡ್ಡಿನ ಹಿಂದೆ ನಿಂತ ನೀರು ಮನೆಯೊಳಗೆ ಬಾರದಂತೆ ನೋಡಿಕೊಳ್ಳುತ್ತದೆ.

ಜಪಾನಿನವರಿಗೆ ಈ ಸೋರಿಕೆಗೆಂದೇ ಒಂದು ಪದವಿದೆ: ‘ಸುಗಾಮೊರಿ’. ಉತ್ತರದ ಆಡುಮಾತಿನಲ್ಲಿ ಸುಗಾ ಎಂದರೆ ಮಂಜುಗಡ್ಡೆ, ಮೊರಿ ಎಂದರೆ ಸೋರುವುದು. ಅಲ್ಲಿ ಹಿಮದ ಪ್ರಮಾಣವೇ ಬೇರೆ. ಜಪಾನ್ ಸಮುದ್ರದ ದಂಡೆಯ ತಕಾದಾ ಪಟ್ಟಣದಲ್ಲಿ 1945ರ ಫೆಬ್ರವರಿ 26ರಂದು ನೆಲದ ಮೇಲಿದ್ದ ಹಿಮದ ಆಳ 377 ಸೆಂಟಿಮೀಟರ್, ಹನ್ನೆರಡು ಅಡಿಗೂ ಹೆಚ್ಚು. ಅದೇ ಸೀಮೆಯ ವ್ಯಾಪಾರಿ ಸುಝುಕಿ ಬೊಕುಶಿ 1837ರಲ್ಲಿ ಪ್ರಕಟಿಸಿದ ಹಿಮನಾಡಿನ ವೃತ್ತಾಂತದಲ್ಲಿ, ಮಾಡಿನ ಮೇಲಿನ ಹಿಮ ತೆಗೆಯುವುದನ್ನು ತಮ್ಮ ಜನ ಹಿಮ ‘ಅಗೆಯುವುದು’ ಎನ್ನುತ್ತಾರೆಂದು ಬರೆದ. ಗುಡಿಸುವ ಹಿಮ ಬೇರೆ ಊರಿನವರದು.

ಅಗೆಯುವುದು ಇಂದಿಗೂ ನಿಂತಿಲ್ಲ. ಹಳ್ಳಿಗಳ ಹುಡುಗರು ಟೋಕಿಯೋ ಸೇರಿದ್ದಾರೆ, ಮಾಡು ಹತ್ತುವವರು ಅಜ್ಜ ಅಜ್ಜಿಯರು. 2005-06ರ ಚಳಿಗಾಲದ ಭಾರೀ ಹಿಮಕ್ಕೆ ಜಪಾನಿನಲ್ಲಿ 152 ಜನ ಸತ್ತರು. ಹಿಮಕುಸಿತಕ್ಕೆ ಸಿಕ್ಕಿದವರು ಅವರಲ್ಲಿ ಕೆಲವರೇ. ಹೆಚ್ಚಿನವರು ವಯಸ್ಸಾದವರು, ಹಿಮ ತೆಗೆಯುವಾಗ ಮಾಡಿನಿಂದ ಜಾರಿದವರು, ಸೂರಿನಿಂದ ಬಿದ್ದ ಹಿಮದಡಿ ಸಿಕ್ಕಿಕೊಂಡವರು.

ಇದಕ್ಕೆ ಉತ್ತರದ ದ್ವೀಪ ಹೊಕ್ಕೈಡೋದ ಕಟ್ಟಡಗಾರರು ಕಳೆದ ಶತಮಾನದ ಉತ್ತರಾರ್ಧದಲ್ಲಿ ಕಂಡುಕೊಂಡ ದಾರಿ ಸಾಂಪ್ರದಾಯಿಕ ಮಾಡನ್ನೇ ಮಗುಚಿ ಹಾಕಿದಂತಿದೆ. ಸಪ್ಪೊರೊ ನಗರದ ಅನೇಕ ಮನೆಗಳ ಮಾಡು ನಡುವೆ ಎತ್ತರವಾಗಿ ಅಂಚಿಗೆ ಇಳಿಯುವುದಿಲ್ಲ. ಅಂಚುಗಳಿಂದ ನಡುವಿಗೆ ಬಲು ಮೆಲ್ಲಗೆ ಇಳಿಯುತ್ತದೆ. ದಂಬೆ ಸೂರಿನಲ್ಲಿಲ್ಲ, ಮಾಡಿನ ನಡುವೆಯಿದೆ. ಇಳಿಕೊಳವೆ ಮನೆಯೊಳಗಿನಿಂದಲೇ ನೆಲಕ್ಕೆ ಇಳಿಯುತ್ತದೆ, ಹಾಗಾಗಿ ಹೆಪ್ಪುಗಟ್ಟುವುದಿಲ್ಲ. ಹಿಮ ಜಾರುವುದಿಲ್ಲ, ಬಿಳಲು ಇಳಿಯುವುದಿಲ್ಲ, ಅಜ್ಜ ಏಣಿ ಹತ್ತಬೇಕಿಲ್ಲ. ನಡುವೆ ತೊಟ್ಟಿಯಿಟ್ಟು ನಾಲ್ಕೂ ಕಡೆಯ ನೀರನ್ನು ಅದಕ್ಕೇ ಇಳಿಸುತ್ತಿದ್ದ ನಮ್ಮ ತೊಟ್ಟಿಮನೆಯವರಿಗೆ ಈ ಆಕಾರ ಅಪರಿಚಿತವೆನಿಸದು. ಒಂದೇ ಷರತ್ತು: ಚಳಿಗಾಲಕ್ಕೆ ಮುಂಚೆ ನಡುವಿನ ಕಾಲುವೆಯ ಎಲೆ ಬಳಿಯಬೇಕು. ಮರೆತರೆ ಮಾಡೇ ಕೆರೆಯಾಗುತ್ತದೆ.

ಬಾಸ್ಟನ್ನಿನ ಹಳೆಯ ಮನೆಗಳನ್ನು ಹಾಗೆ ಮಗುಚಿ ಹಾಕಲು ಬಾರದು. ಅಲ್ಲಿನ ಉಪನಗರಗಳಲ್ಲಿ ಮನೆ ಕೊಳ್ಳುವವರಿಗೆ, ಅವರಲ್ಲಿ ಮಲೆನಾಡು ಕರಾವಳಿಯಿಂದ ಹೋದ ಕನ್ನಡಿಗರೂ ಇದ್ದಾರೆ, ಅನುಭವಸ್ಥರು ಹೇಳಿಕೊಡುವ ಒಂದು ಉಪಾಯವುಂಟು. ಹಿಮ ಬಿದ್ದು ಎರಡು ದಿನ ಬಿಟ್ಟು, ಬೆಳಗಿನ ಹೊತ್ತು, ಬೀದಿಯ ಆಚೆ ಬದಿಗೆ ಹೋಗಿ ನಿಂತು ನೋಡಬೇಕು. ಕೆಲವು ಮಾಡುಗಳ ಮೇಲೆ ಹಿಮ ಬಿದ್ದಾಗ ಹೇಗಿತ್ತೋ ಹಾಗೇ ದಪ್ಪಗೆ ಕುಳಿತಿರುತ್ತದೆ. ಕೆಲವದರ ಮೇಲೆ ಹೊಗೆಗೂಡಿನ ಸುತ್ತ ಮಾತ್ರ ಬೋಳಾಗಿರುತ್ತದೆ, ಕೆಲವದರಲ್ಲಿ ಒಳಗಿನ ಜಂತೆಗಳ ಗುರುತು ಪಟ್ಟೆಪಟ್ಟೆಯಾಗಿ ಮೂಡಿರುತ್ತದೆ. ಇಡೀ ಮಾಡು ಖಾಲಿಯಾಗಿ, ಸೂರಿನಲ್ಲಿ ಬಿಳಲುಗಳು ಹೊಳೆಯುತ್ತಿರುವ ಮನೆಗಳೂ ಸಿಗುತ್ತವೆ. ಆ ಮನೆಯ ಯಜಮಾನ ಏಣಿಯನ್ನು ಹೊರಗೆ ತಂದು ನಿಲ್ಲಿಸುತ್ತಿದ್ದರೆ, ಅವನನ್ನು ತಡೆದು ಅಟ್ಟದ ಬಾಗಿಲು ತೆರೆದು ನೋಡಲು ಹೇಳಬೇಕು.